ನಾಲ್ಕು ಕ್ಲಿಪ್, ನಾಲ್ಕು ಚುಕ್ಕೆ

ನನ್ನ ಗ್ಯಾರೇಜಿನಲ್ಲಿ ಇರುವುದು ಒಂದೇ ಕಾನೂನು. ಪೂರ್ತಿ ಬಿಗಿ ಮಾಡಿದ ನಟ್ಟಿನ ಮೇಲೆ ಕೆಂಪು ಬಣ್ಣದ ಒಂದು ಚುಕ್ಕೆ ಇಡಬೇಕು. ಚುಕ್ಕೆ ಇದ್ದರೆ ಕೆಲಸ ಮುಗಿದಿದೆ, ಇಲ್ಲದಿದ್ದರೆ ಇಲ್ಲ. ಹೊನ್ನಾವರದಲ್ಲಿ ಗೇರುಸೊಪ್ಪೆ ರಸ್ತೆ ತಿರುಗುವಲ್ಲಿ ಅಂಗಡಿ ಹಾಕಿ ಇಪ್ಪತ್ತೆರಡು ವರ್ಷವಾಯಿತು, ಈ ಕಾನೂನನ್ನು ನಾನು ಒಂದು ದಿನವೂ ಮುರಿದವನಲ್ಲ. ಬೇರೆಯವರು ಮುರಿದಾಗ ಸುಮ್ಮನೆ ಬಿಟ್ಟವನೂ ಅಲ್ಲ. ಸುಧಾಕರನ ಕೈ ಒಳ್ಳೆಯದು, ಬಾಯಿ ಕೆಟ್ಟದ್ದು ಅಂತ ಊರು ಹೇಳುತ್ತದೆ. ಹೇಳಲಿ. ಬಾಯಿ ಕೆಟ್ಟರೆ ಯಾರೂ ಸಾಯುವುದಿಲ್ಲ, ಬ್ರೇಕು ಕೆಟ್ಟರೆ ಸಾಯುತ್ತಾರೆ.

ಪಾಂಡುವನ್ನು ಓಡಿಸಿದ್ದೂ ಇದೇ ಕಾನೂನಿನ ಮೇಲೆ. ಹನ್ನೊಂದು ವರ್ಷ ನನ್ನ ಜೊತೆ ಕೆಲಸ ಮಾಡಿದವನು, ಎರಡು ಮಕ್ಕಳ ತಂದೆ. ಎಂಟು ತಿಂಗಳ ಹಿಂದೆ ಹಿರೇಗುತ್ತಿಯ ಭಾಸ್ಕರ ಮೇಷ್ಟ್ರ ಬೈಕಿಗೆ ಹೊಸ ಬ್ರೇಕು ಕೂರಿಸಿದ್ದೆವು. ಕೂರಿಸಿದ್ದು ನಾನು, ಕೊನೆಯ ಬಿಗಿ ಪಾಂಡು ಮಾಡಬೇಕಿತ್ತು. ಮೇಷ್ಟ್ರು ಕುಮಟಾ ದಾಟುವ ಮೊದಲೇ ಬೋಲ್ಟ್ ಉದುರಿ, ಗಾಡಿ ಮಗುಚಿ, ಭುಜದ ಎಲುಬು ಮುರಿದುಕೊಂಡರು. ಪಾಂಡುವನ್ನು ಕೇಳಿದೆ. "ಕೆಂಪು ಚುಕ್ಕೆ ಇತ್ತಣ್ಣ. ನೀವೇ ಬಿಗಿ ಮಾಡೀರಿ ಅಂತ ಬಿಟ್ಟೆ" ಅಂದ. ನಾನು ಚುಕ್ಕೆ ಇಟ್ಟಿರಲಿಲ್ಲ. ಮರೆತೆ ಅಂದಿದ್ದರೆ ನಾಲ್ಕು ಬೈದು ಬಿಡುತ್ತಿದ್ದೆ. ಇವನು ನನ್ನ ಮುಖ ನೋಡಿ ಸುಳ್ಳು ಹೇಳಿದ. ರಸ್ತೆಯಲ್ಲಿ ಹೋಗುವವರೆಲ್ಲ ನಿಂತು ನೋಡುವ ಹಾಗೆ ಕೂಗಾಡಿದೆ. "ಇನ್ನು ನನ್ನ ಗ್ಯಾರೇಜಿನ ಒಂದು ನಟ್ಟೂ ನೀ ಮುಟ್ಟೂಕಾಗ" ಎಂದು ಹೊರಗೆ ಹಾಕಿದೆ. ಅವನು ಗೇರುಸೊಪ್ಪೆಯಲ್ಲಿ, ಘಟ್ಟ ಹತ್ತುವ ಮೊದಲು ಸಿಗುವ ಜಾಗದಲ್ಲಿ ಪಂಕ್ಚರ್ ಅಂಗಡಿ ಹಾಕಿದ್ದಾನೆ ಅಂತ ನಮ್ಮ ಆಯಿ ಒಮ್ಮೆ ಹೇಳಿದಳು. ನಾನು ಕೇಳಿಸದವನ ಹಾಗೆ ಇದ್ದೆ.

ಆಯಿ ಎಂದರೆ ನನ್ನ ತಾಯಿ ಮಾಸ್ತಮ್ಮ. ಎಪ್ಪತ್ತಾರು ವರ್ಷ. ಗ್ಯಾರೇಜಿನ ಹಿಂದೆಯೇ ನಮ್ಮ ಮನೆ. ಹೊಸ ಸಾಮಾನು ಹಾಕಿದ ಯಾವ ಗಾಡಿಯೂ ಆಯಿಯ ಕುಂಕುಮ ಬೀಳದೆ ನನ್ನ ಅಂಗಳ ದಾಟುವುದಿಲ್ಲ. ಒಣ ಕುಂಕುಮ ಗಾಳಿಗೆ ಹಾರುತ್ತದೆ ಎಂದು ಅದನ್ನು ತೆಂಗಿನೆಣ್ಣೆಯಲ್ಲಿ ಕಲಸಿ ಒಂದು ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾಳೆ. ಮೊದಮೊದಲು ನಾನು ಗೊಣಗುತ್ತಿದ್ದೆ. ಆಮೇಲೆ ಗಿರಾಕಿಗಳೇ "ಅಮ್ಮನ ಕೈಯಿಂದ ಒಂದು ಬೊಟ್ಟು ಇಡ್ಸಿ" ಎಂದು ಕೇಳಲು ಶುರು ಮಾಡಿದರು. ಅವಳು ಬಂದಳೆಂದರೆ ನಾನು ಕೈ ತೊಳೆಯಲು ಹೋಗುತ್ತೇನೆ. ಎಲ್ಲಿ ಹಚ್ಚುತ್ತಾಳೆ, ಎಷ್ಟು ಹಚ್ಚುತ್ತಾಳೆ, ನಾನು ಯಾವತ್ತೂ ನಿಂತು ನೋಡಿದವನಲ್ಲ.

ಮಾರ್ಚಿನ ಆ ಭಾನುವಾರ ನಿತೇಶನ ಗಾಡಿಯ ಕೆಲಸ ಹಿಡಿದಿದ್ದೆ. ನಿತೇಶ ನನ್ನ ಅಕ್ಕನ ಮಗ, ಸಿದ್ದಾಪುರದ ಒಂದು ಹೈಸ್ಕೂಲಿನಲ್ಲಿ ಆಟದ ಮೇಷ್ಟ್ರು. ಅವನದು ಹಳೆಯ, ಭಾರದ ಬೈಕು. ಗಾಳಿಯಿಂದಲೇ ತಂಪಾಗಬೇಕಾದ ಇಂಜಿನ್. ಬಯಲು ರಸ್ತೆಯಲ್ಲಿ ಅದು ರಾಜ. ಆದರೆ ಹೆಂಡತಿ ರೇಖಾಳನ್ನು ಹಿಂದೆ, ಮೂರು ವರ್ಷದ ಮಗಳು ಹೇಮಾಳನ್ನು ಮುಂದೆ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಘಟ್ಟ ಹತ್ತುವಾಗ, ಎರಡನೇ ಗೇರಿನಲ್ಲಿ ನಿಧಾನ ಹೋಗಬೇಕು, ಗಾಳಿ ಸಿಗುವುದಿಲ್ಲ, ಇಂಜಿನ್ ಕಾದು ಕೆಂಡವಾಗುತ್ತದೆ. ಹಿಂದಿನ ತಿಂಗಳು ಘಟ್ಟದ ಮಧ್ಯೆ ಇಂಜಿನ್ ಜಾಮಾಗಿ ಹಿಂದಿನ ಚಕ್ರ ಒಮ್ಮೆ ಜಾರಿತ್ತಂತೆ. "ಮಾವ, ಆಯಿಲ್ ಕೂಲರ್ ಒಂದು ಹಾಕಿ ಕೊಡು, ರೇಖಾ ಗಾಡಿ ಹತ್ತೂಕೆ ಹೆದರ್ತಾಳೆ" ಎಂದು ಬೆನ್ನು ಹತ್ತಿದ್ದ.

ಆಯಿಲ್ ಕೂಲರ್ ಎಂದರೆ ದೊಡ್ಡ ವಿದ್ಯೆಯಲ್ಲ. ಅಂಗೈ ಅಗಲದ ಒಂದು ಜಾಲಿಯನ್ನು ಇಂಜಿನ್ನಿನ ಮುಂದೆ ಗಾಳಿಗೆ ಕಟ್ಟಬೇಕು. ಕಾದ ಎಣ್ಣೆ ಒಂದು ರಬ್ಬರು ಹೋಸಿನಲ್ಲಿ ಅದಕ್ಕೆ ಹೋಗಿ, ತಣಿದು, ಇನ್ನೊಂದು ಹೋಸಿನಲ್ಲಿ ಇಂಜಿನ್ನಿಗೆ ವಾಪಸು ಬರಬೇಕು. ಎರಡು ಹೋಸು, ನಾಲ್ಕು ತುದಿ, ತುದಿಗೊಂದರಂತೆ ನಾಲ್ಕು ಉಕ್ಕಿನ ಕ್ಲಿಪ್. ಭಟ್ಕಳದಿಂದ ಒಳ್ಳೆಯ ಹೋಸು ತರಿಸಿದ್ದೆ. ಕ್ಲಿಪ್ ಹಾಕುವುದು ಮಾತ್ರ ತದಡಿಯಲ್ಲಿ ಕಲಿತ ಹಾಗೆ. ಹುಡುಗನಾಗಿದ್ದಾಗ ನಾನು ಅಲ್ಲಿ ಮೀನಿನ ಬೋಟುಗಳ ಇಂಜಿನ್ ಕೆಲಸ ಕಲಿತವನು. ಅಲ್ಲಿಯ ಪದ್ಧತಿ ಎಂದರೆ ತಣ್ಣಗಿರುವಾಗ ಕ್ಲಿಪ್ಪನ್ನು ಅರ್ಧ ಬಿಗಿ ಮಾಡು, ಇಂಜಿನ್ ಓಡಿಸಿ ಬಿಸಿ ಮಾಡು, ರಬ್ಬರು ಮೆದುವಾದ ಮೇಲೆ ಪೂರ್ತಿ ಬಿಗಿ ಮಾಡು. ಸಮುದ್ರದ ಮಧ್ಯೆ ಹೋಸು ಕಳಚಿದರೆ ಇಳಿದು ತಳ್ಳಲು ಬರುವುದಿಲ್ಲ ಮಗಾ ಎಂದು ನನ್ನ ಗುರು ಹೇಳುತ್ತಿದ್ದ.

ಹಾಗೇ ಮಾಡಿದೆ. ನಾಲ್ಕೂ ಅರ್ಧ ಬಿಗಿ. ಹತ್ತು ನಿಮಿಷ ಇಂಜಿನ್ ಓಡಿಸಿದೆ. ಒಂದು ತೊಟ್ಟೂ ಇಲ್ಲ. ನಿಲ್ಲಿಸಿ, ಮೇಲಿನ ಎರಡು ಕ್ಲಿಪ್ಪುಗಳನ್ನು ಪೂರ್ತಿ ಬಿಗಿ ಮಾಡಿ, ಕಡ್ಡಿಯಲ್ಲಿ ಕೆಂಪು ಬಣ್ಣ ಅದ್ದಿ ಚುಕ್ಕೆ ಇಟ್ಟೆ. ಅಷ್ಟರಲ್ಲಿ ತದಡಿಯಿಂದ ಫೋನು. ಬೋಟಿನವನೊಬ್ಬನಿಗೆ ಗೇರು ಬೀಳುತ್ತಿಲ್ಲ, ಏನು ಮಾಡಲಿ ಎಂದು. ಒಳಗೆ ಸರಿಯಾಗಿ ಕೇಳಿಸದೆ ರಸ್ತೆಯ ತನಕ ಹೋಗಿ ಅವನಿಗೆ ಬೈದು, ತಿಳಿಸಿ, ಮತ್ತೆ ಬೈದೆ. ಬರುವಾಗ ಆಯಿ ಡಬ್ಬಿ ಹಿಡಿದು ಗಾಡಿಯ ಬಳಿಯಿಂದ ಒಳಗೆ ಹೋಗುತ್ತಿದ್ದಳು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು. ನಾನು ಕುಕ್ಕರುಗಾಲಿನಲ್ಲಿ ಕೂತು ನೋಡಿದೆ. ನಾಲ್ಕು ಕ್ಲಿಪ್. ನಾಲ್ಕೂ ಕೆಂಪು. ಆತು ಎಂದುಕೊಂಡು ಎದ್ದೆ.

"ಮೊದಲ ದಿನ ನಲವತ್ತು ದಾಟೂಕಾಗ, ಕೇಳ್ತ?" ಎಂದೆ ನಿತೇಶನಿಗೆ.

"ಆತು ಮಾವ" ಎಂದ. ಸೋಮವಾರ ಪರೀಕ್ಷೆಯ ಕೆಲಸ ಇತ್ತು, ಅವನಿಗೆ ಹೊರಡುವ ಅವಸರ. ಹೇಮಾ ಟ್ಯಾಂಕಿನ ಮೇಲೆ ಕೂತು ಎರಡೂ ಕಾಲು ಇಳಿಬಿಟ್ಟಿತ್ತು. ಕೆಂಪು ಪಟ್ಟಿಯ ಚಪ್ಪಲಿ. ಬಲಗಾಲು ಸರಿಯಾಗಿ ಕೆಳಗಿನ ಹೋಸಿನ ಹತ್ತಿರ ತೂಗುತ್ತಿತ್ತು. ಅದನ್ನು ನಾನು ನೋಡಿದೆ. ನೋಡಿ, ಕೆನ್ನೆ ಚಿವುಟಿ, ಟಾಟಾ ಮಾಡಿದೆ.

ಅವರು ಹೋಗಿ ಇಪ್ಪತ್ತು ನಿಮಿಷವಾಗಿತ್ತು. ಆಯಿ ಚಾ ತಂದುಕೊಟ್ಟು ಹೊಸ್ತಿಲ ಮೇಲೆ ಕೂತಳು.

"ನಿಂಗೆ ಇತ್ತೀಚೆಗೆ ಮರೆವು ಜಾಸ್ತಿ ಆಯ್ತು ಮಗಾ" ಎಂದಳು.

"ಎಂತ ಆತು?"

"ಕುಂಕುಮ ನೀ ಎರಡಕ್ಕೇ ಹಚ್ಚಿ ಎದ್ದು ಹೋಗಿದ್ದೆ. ಕೆಳಗಿನ ಎರಡು ಬೋಳು. ಹೊಸ ಸಾಮಾನು ಹಂಗೆ ಬೋಳು ಇರೂಕಾಗ. ನಾನೇ ಹಚ್ದೆ."

ನನಗೆ ಮೊದಲು ಅರ್ಥವಾಗಲಿಲ್ಲ. "ನಾನು ಯಾವಾಗ ಕುಂಕುಮ ಹಚ್ಚಿದೆ?" ಎಂದು ಕೇಳಿದೆ.

"ನೀ ಯಾವಾಗ್ಲೂ ಹಚ್ತೆ ಅಲ್ಲ? ನಟ್ಟಿಗೆಲ್ಲ ಕೆಂಪು ಬೊಟ್ಟು ಇಡ್ತೆ. ಬೇರೆಯವರೆದುರು ನೀ ದೇವರಿಲ್ಲ ಅಂತೆ, ಕದ್ದು ಕುಂಕುಮ ಇಡ್ತೆ. ನಂಗೆ ಗೊತ್ತಿಲ್ಲ ಅಂತ ಮಾಡ್ಕಂಡ್ಯ? ನೀ ಬಿಟ್ಟಿದ್ದೆಲ್ಲ ನಾನೇ ಇಡ್ತೆ, ಪಾಪ, ಕೆಲಸದ ಗಡಿಬಿಡಿ ಅಂತ."

ಅವಳು ನಗುತ್ತಿದ್ದಳು. ನನ್ನ ಕೈಯ ಲೋಟದಿಂದ ಚಾ ಚೆಲ್ಲಿ ಪಾದ ಸುಟ್ಟಿತು. ಸುಟ್ಟಿದ್ದು ಆಮೇಲೆ ಗೊತ್ತಾಯಿತು. ಕೆಳಗಿನ ಎರಡು ಕ್ಲಿಪ್ಪುಗಳನ್ನು ನಾನು ಪೂರ್ತಿ ಬಿಗಿ ಮಾಡಿಲ್ಲ. ಅರ್ಧ ಬಿಗಿಯಲ್ಲಿ ಅವು ಬಯಲು ರಸ್ತೆಯಲ್ಲಿ ನಿಲ್ಲುತ್ತವೆ. ಘಟ್ಟ ಹತ್ತುವಾಗ ಎಣ್ಣೆ ಕಾದು ನೀರಿನ ಹಾಗೆ ತೆಳುವಾಗುತ್ತದೆ, ರಬ್ಬರು ಮೆದುವಾಗುತ್ತದೆ, ಹೋಸು ನೂಲಿನಷ್ಟು ನೂಲಿನಷ್ಟೇ ಜಾರಿ ಕೊನೆಗೆ ಕಳಚುತ್ತದೆ. ಕುದಿಯುವ ಎಣ್ಣೆ ಮೊದಲು ಮಗುವಿನ ಕಾಲಿಗೆ, ಆಮೇಲೆ ಕಾದ ಸೈಲೆನ್ಸರಿಗೆ, ಆಮೇಲೆ ಹಿಂದಿನ ಚಕ್ರಕ್ಕೆ. ತಿರುವಿನಲ್ಲಿ ಚಕ್ರಕ್ಕೆ ಎಣ್ಣೆ ಬಿದ್ದರೆ ಏನಾಗುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಕಡೆ ಕಲ್ಲು, ಇನ್ನೊಂದು ಕಡೆ ಕಣಿವೆ.

ನಿತೇಶನಿಗೆ ಫೋನು ಹಚ್ಚಿದೆ. ರಿಂಗಾಗಿ ರಿಂಗಾಗಿ ನಿಂತಿತು. ಗಾಡಿ ಓಡಿಸುವಾಗ ಫೋನು ತೆಗೆಯಬೇಡ ಎಂದು ಅವನಿಗೆ ಬೈದು ಕಲಿಸಿದವನು ನಾನೇ. ರೇಖಾಳ ಫೋನು ಸ್ವಿಚ್ ಆಫ್. ಬೆಳಿಗ್ಗೆಯಿಂದ ಹೇಮಾ ಅದರಲ್ಲಿ ಕಾರ್ಟೂನು ನೋಡುತ್ತಿತ್ತು, ಬ್ಯಾಟರಿ ಮುಗಿದಿರಬೇಕು. ಮತ್ತೆ ನಿತೇಶ. ಮತ್ತೆ ರಿಂಗು. ಘಟ್ಟ ಶುರುವಾದ ಮೇಲೆ ಅಲ್ಲಿ ನೆಟ್‌ವರ್ಕ್ ಕೂಡ ಇಲ್ಲ. ಈಗ ಅವರು ಕವಲಕ್ಕಿಯ ಹತ್ತಿರ ಇರಬಹುದು. ನಾನು ಸ್ಕೂಟರು ಎಷ್ಟು ಓಡಿಸಿದರೂ ಘಟ್ಟದ ಬುಡಕ್ಕೆ ಮುಟ್ಟುವಾಗ ಅವರು ಮೇಲೆ ಇರುತ್ತಾರೆ.

ಘಟ್ಟದ ಬುಡದಲ್ಲಿ ನನಗೆ ಗೊತ್ತಿರುವವನು ಒಬ್ಬನೇ.

ಪಾಂಡುವಿನ ನಂಬರು ಅಳಿಸಿ ಹಾಕಿದ್ದೆ. ಹನ್ನೊಂದು ವರ್ಷ ದಿನಕ್ಕೆ ಹತ್ತು ಸಲ ಒತ್ತಿದ ನಂಬರು ಬೆರಳಿಗೆ ಬಾಯಿಪಾಠ ಇತ್ತು. ಒತ್ತಿದೆ. ಎರಡು ಸಲ ರಿಂಗಾಗಿ ಕಟ್ಟಾಯಿತು. ಮತ್ತೆ ಒತ್ತಿದೆ. ಒಂದೇ ರಿಂಗಿಗೆ ಕಟ್ಟಾಯಿತು. ಮೂರನೆಯ ಸಲ ರಿಂಗೇ ಆಗಲಿಲ್ಲ. ತಪ್ಪು ಅವನದಲ್ಲ. ಅವನ ಜಾಗದಲ್ಲಿ ನಾನಿದ್ದರೂ ಹಾಗೆಯೇ ಮಾಡುತ್ತಿದ್ದೆ.

"ಆಯಿ, ಪಾಂಡುವಿಗೆ ನಿನ್ನ ಫೋನಿಂದ ಮಾಡು. ಬೇಗ."

ಅವಳು ನನ್ನ ಮುಖ ನೋಡಿದಳು. ನಾನು ಗದರುವವನ ಹಾಗೆ ಹೇಳಿರಲಿಲ್ಲ, ಬೇಡುವವನ ಹಾಗೆ ಹೇಳಿದ್ದೆ, ಅದೇ ಅವಳಿಗೆ ಹೆದರಿಕೆ ಹುಟ್ಟಿಸಿರಬೇಕು. "ಅವನ ನಂಬರು ನಿನ್ನಲ್ಲಿ ಇದ್ದಾ?" ಎಂದು ಕೇಳಿದೆ.

"ನೀ ಓಡ್ಸಿದ್ದು ಗ್ಯಾರೇಜಿಂದ. ನನ್ನ ಫೋನಿಂದ ಅಲ್ಲ" ಎಂದು ಗುಂಡಿ ಒತ್ತಿದಳು.

ಒಂದೇ ರಿಂಗಿಗೆ ಎತ್ತಿದ. "ಆಯಿ, ಉಂಡ್ರಾ?"

ನಾನು ಫೋನು ಕಸಿದುಕೊಂಡೆ. "ಪಾಂಡು, ನಾನು. ಇಡಬೇಡ. ದಮ್ಮಯ್ಯ ಇಡಬೇಡ."

ಆ ಕಡೆ ಯಾವುದೋ ಲಾರಿ ಹೋದ ಶಬ್ದ ಮಾತ್ರ.

"ನಿತೇಶ ಬರ್ತಾ ಇದ್ದ. ರೇಖಾ, ಮಗು ಎಲ್ಲ ಇದ್ದೊ. ಅವನ ಕಪ್ಪು ಗಾಡಿ ನಿಂಗೆ ಗೊತ್ತಲ್ಲ. ನಿಲ್ಸು. ಘಟ್ಟ ಹತ್ತೂಕೆ ಬಿಡಬೇಡ."

"ಎಂತಕ್ಕೆ?"

ಆಯಿ ಎದುರಿಗೇ ನಿಂತಿದ್ದಳು, ಡಬ್ಬಿ ಇನ್ನೂ ಸೊಂಟದಲ್ಲಿ ಸಿಕ್ಕಿಸಿಕೊಂಡು. ನಾನು ಗೋಡೆಯ ಕಡೆ ತಿರುಗಿದೆ. "ಕೂಲರ್ ಹಾಕಿದ್ದೆ. ಕೆಳಗಿನ ಎರಡು ಕ್ಲಿಪ್ ಪೂರ್ತಿ ಬಿಗಿ ಮಾಡಲಿಲ್ಲ. ನಾನು ಬಿಗಿ ಮಾಡದೇ ಬಿಟ್ಟೆ."

ಇಂಥ ಮಾತು ನನ್ನ ಬಾಯಿಂದ ಬಂದಿದ್ದು ಅದೇ ಮೊದಲು. ಆಮೇಲೆ ಫೋನು ಕಟ್ಟಾಯಿತು. ಅವನು ಎದ್ದು ರಸ್ತೆಗೆ ಓಡಿದನೋ, ಅನುಭವಿಸು ಮಗನೆ ಎಂದು ಫೋನು ಜೇಬಿಗೆ ಹಾಕಿದನೋ, ನನಗೆ ಗೊತ್ತಿಲ್ಲ. ಮತ್ತೆ ಮಾಡಿದರೆ ಎತ್ತಲಿಲ್ಲ.

ಸ್ಕೂಟರು ಹತ್ತಿ ಹೊರಟೆ.

ಹೊನ್ನಾವರದಿಂದ ಗೇರುಸೊಪ್ಪೆಗೆ ಮೂವತ್ತು ಕಿಲೋಮೀಟರು. ಆ ರಸ್ತೆಯಲ್ಲಿ ನಾನು ಸಾವಿರ ಸಲ ಹೋಗಿದ್ದೇನೆ, ಒಂದು ಸಲವೂ ನೆಲ ನೋಡುತ್ತ ಹೋದವನಲ್ಲ. ಅಂದು ಬರೀ ನೆಲ ನೋಡಿದೆ. ಹಡಿನಬಾಳ ದಾಟುವಾಗ ರಸ್ತೆಯ ಎಡಬದಿಗೆ ಕಪ್ಪಗೆ ಒದ್ದೆ ಗೆರೆ ಕಂಡಿತು. ಉದ್ದಕ್ಕೆ, ಬಿಟ್ಟು ಬಿಟ್ಟು, ಘಟ್ಟದ ದಿಕ್ಕಿಗೆ. ಸ್ಕೂಟರು ಬದಿಗೆ ಎಸೆದ ಹಾಗೆ ನಿಲ್ಲಿಸಿ, ಬಗ್ಗಿ, ಬೆರಳು ತಾಗಿಸಿ ಮೂಸಿದೆ. ಮೀನಿನ ನೀರು. ನಮ್ಮ ಪಕ್ಕದ ಕಾಸರಕೋಡಿನಿಂದ ಘಟ್ಟದ ಮೇಲೆ ಹೋಗುವ ಮೀನಿನ ಲಾರಿಗಳಿಂದ ಸುರಿಯುವ ಮಂಜುಗಡ್ಡೆಯ ನೀರು. ದಿನಾ ಅದಕ್ಕೆ ಮೂಗು ಮುಚ್ಚಿ ಬೈಯುವವನು ಆ ನಾತಕ್ಕೆ ಕೈ ಮುಗಿದೆ. ಕೈ ಮುಗಿದಿದ್ದು ನಿಜ, ಸುಳ್ಳು ಹೇಳುವುದಿಲ್ಲ.

ಮತ್ತೆ ಹೊರಟೆ. ಆ ಗೆರೆ ಜೊತೆಗೇ ಬಂತು. ಮೀನಿನ ನೀರು ಅಂತ ಗೊತ್ತಿದ್ದರೂ ಅದರ ಮಧ್ಯೆ ಎಲ್ಲಾದರೂ ಎಣ್ಣೆ ಇದೆಯೋ ಎಂದು ಹೆದರಿಕೆ. ಇನ್ನೆರಡು ಸಲ ಇಳಿದು ಮೂಸಿದೆ. ಬಸ್ಸಿಗೆ ಕಾಯುತ್ತ ನಿಂತಿದ್ದ ಹೆಂಗಸೊಬ್ಬಳು, "ಎಂತ ಬಿದ್ಹೋಯ್ತು ಅಣ್ಣ?" ಎಂದು ಕೇಳಿದಳು. ಕೈ ಬೀಸಿ ಸ್ಕೂಟರು ಹತ್ತಿದೆ.

ಕವಲಕ್ಕಿ ದಾಟಿದ ಮೇಲೆ ಮನಸ್ಸು ಕೆಟ್ಟ ಕಡೆಗೇ ಓಡಿತು. ಏನಾದರೂ ಆದರೆ ಅಕ್ಕನಿಗೆ ಏನು ಹೇಳಲಿ? ಅಕ್ಕ ಎದೆಗೆ ಹೊಡೆದುಕೊಂಡು ಎಂತಕ್ಕೆ ಬಿಟ್ಟೆ ಎಂದು ಕೇಳುತ್ತಾಳೆ. ಆಗ ನಾನು ಏನು ಹೇಳಬೇಕು? ನನಗೆ ಇರುವುದು ಒಂದೇ ಉತ್ತರ. "ಕೆಂಪು ಚುಕ್ಕೆ ಇತ್ತು. ಬಿಗಿ ಮಾಡಿ ಆಗಿದೆ ಅಂತ ಬಿಟ್ಟೆ."

ಆ ಮಾತು ನನ್ನದಲ್ಲ, ಪಾಂಡುವಿನದು. ಎಂಟು ತಿಂಗಳ ಹಿಂದೆ ಅವನು ಹೇಳಿದ್ದು ಇದೇ. ಭಾಸ್ಕರ ಮೇಷ್ಟ್ರ ಗಾಡಿ ಬ್ರೇಕು ಕೂರಿಸಿದ ಮೇಲೆ ಒಂದು ರಾತ್ರಿ ಅಂಗಳದಲ್ಲೇ ನಿಂತಿತ್ತು. ಬೆಳಿಗ್ಗೆ ಪಾಂಡು ಬರುವ ಮೊದಲು ಆಯಿ ಎದ್ದು ಎಲ್ಲ ಗಾಡಿಗಳ ಎದುರು ನೀರು ಹಾಕುತ್ತಾಳೆ. ಹೊಸ ಬ್ರೇಕು ಬೋಳು ಕಂಡಿರುತ್ತದೆ. ಪಾಪ, ಮಗನಿಗೆ ಗಡಿಬಿಡಿ ಎಂದು ಅವಳೇ ಬೊಟ್ಟು ಇಟ್ಟಿರುತ್ತಾಳೆ. ಪಾಂಡು ಚುಕ್ಕೆ ನೋಡಿದ್ದ. ನೋಡಿದ್ದನ್ನೇ ಹೇಳಿದ್ದ. ನಾನು ಅವನನ್ನು ನಡುರಸ್ತೆಯಲ್ಲಿ ನಿಲ್ಲಿಸಿ ಸುಳ್ಳ ಎಂದೆ, ಮನೆಹಾಳ ಎಂದೆ, ಇನ್ನೊಬ್ಬರ ಜೀವ ತೆಗೆಯುವವನು ಎಂದೆ. ಈಗ ಅವನನ್ನೇ ಜೀವ ಉಳಿಸು ಎಂದು ಬೇಡಿದ್ದೇನೆ. ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು. ಆದರೆ ನಾಚಿಕೆಗಿಂತ ಹೆದರಿಕೆಯೇ ದೊಡ್ಡದಾಗಿತ್ತು. ಅವನು ಯಾಕೆ ಓಡಬೇಕು ನನ್ನ ಮಾತಿಗೆ?

ಉಪ್ಪೋಣಿಯ ಹತ್ತಿರ, ಮೀನಿನ ನೀರಿನ ಗೆರೆ ಬಿಟ್ಟು ರಸ್ತೆಯ ಮಧ್ಯಕ್ಕೆ, ಸಣ್ಣ ಸಣ್ಣ ಹನಿ ಕಂಡಿತು. ಇಳಿದೆ. ಬೆರಳು ಇಟ್ಟೆ. ಜಾರಿತು. ಹೊಸ ಎಣ್ಣೆ, ಜೇನಿನ ಬಣ್ಣ, ಬೆಳಿಗ್ಗೆ ನಾನೇ ಡಬ್ಬ ಒಡೆದು ಹಾಕಿದ್ದು. ಮೂಸಿ ನೋಡುವ ಅಗತ್ಯವೇ ಇರಲಿಲ್ಲ. ಹತ್ತು ಮಾರಿಗೊಂದು ಹನಿ. ಅಂದರೆ ಹೋಸು ಆಗಲೇ ಜಾರಲು ಶುರುವಾಗಿದೆ.

ಗೇರುಸೊಪ್ಪೆಯಲ್ಲಿ ಪಾಂಡುವಿನ ಅಂಗಡಿ ಹುಡುಕಬೇಕಾಗಲಿಲ್ಲ. ರಸ್ತೆ ಬದಿಗೆ ಟೈರು ನೇತು ಹಾಕಿದ ತಗಡಿನ ಶೆಡ್ಡು. ಬಿಚ್ಚಿದ ಚಕ್ರ ಒಂದು ನೀರಿನ ತೊಟ್ಟಿಯಲ್ಲಿ ಅರ್ಧ ಮುಳುಗಿ ಬಿದ್ದಿತ್ತು. ಒಳಗೆ ಯಾರೂ ಇಲ್ಲ. ಪಕ್ಕದ ಗೂಡಂಗಡಿಯವನು ಹೇಳಿದ. "ಪಾಂಡುನಾ? ರಸ್ತೆ ಮೇಲೆ ಕೈ ಬೀಸ್ತಾ ನಿಂತಿದ್ದ. ಆ ಗಾಡಿ ಬಸ್ಸಿನ ಆ ಕಡೆಯಿಂದ ಹೋಯ್ತು, ಕಾಣಲಿಲ್ಲ ಅವಕ್ಕೆ. ಕೂಗ್ದ, ಕೂಗ್ದ. ಕಡಿಗೆ ಯಾರೋ ಗಿರಾಕಿ ಗಾಡಿ ಎಳ್ಕಂಡು ಹಿಂದೇ ಹೋದ. ಹುಚ್ಚು ಹಿಡದವನ ಹಂಗೆ ಹೋದ."

"ಎಷ್ಟು ಹೊತ್ತಾಯ್ತು?"

"ಕಾಲು ಗಂಟೆ."

ಓಡಿದ್ದಾನೆ. ಅವನು ಓಡಿದ್ದಾನೆ ಎಂಬುದಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಆದರೆ ನಿತೇಶ ಅವನಿಗಿಂತ ಮುಂದೆ ಹೋಗಿದ್ದಾನೆ ಎಂಬುದೂ ಅಷ್ಟೇ ನಿಜ.

ಘಟ್ಟ ಹತ್ತಿದೆ. ಹನಿಗಳು ಈಗ ಹತ್ತು ಮಾರಿಗಲ್ಲ, ಮಾರಿಗೊಂದು. ಮೊದಲ ತಿರುವಿನಲ್ಲಿ ಅವು ಸೇರಿ ಗೆರೆಯಾಗಿದ್ದವು. ತಿರುವಿನ ಒಳಗಡೆ, ಚಕ್ರ ವಾಲುವ ಜಾಗದಲ್ಲೇ, ಎಣ್ಣೆಯ ಮೇಲೆ ಟೈರು ಉಜ್ಜಿದ ಕಪ್ಪು ಗುರುತು ಒಂದು ಗೇಣು ಬದಿಗೆ ಸರಿದಿತ್ತು. ಜಾರಿದ್ದಾರೆ. ಬಿದ್ದಿಲ್ಲ. ಅಥವಾ ಇಲ್ಲಿ ಬಿದ್ದಿಲ್ಲ. ನಾನು ಸ್ಕೂಟರಿನ ಮೇಲೆ ಕೂತು ಗಟ್ಟಿಯಾಗಿ ದೇವರ ಹೆಸರು ಹೇಳಿದೆ. ಯಾವ ದೇವರು ಅಂತ ಕೇಳಬೇಡಿ, ಬಾಯಿಗೆ ಬಂದ ದೇವರು. ಆಯಿ ಕೇಳಿದ್ದರೆ ನಗುತ್ತಿದ್ದಳು.

ಎರಡನೆಯ ತಿರುವಿಗೆ ಮೊದಲು ರಸ್ತೆಯ ಮೇಲೆ ಸೊಪ್ಪು ಕಂಡಿತು. ಹಸಿ ಕೊಂಬೆಗಳನ್ನು ಮುರಿದು ಸಾಲಾಗಿ ಹಾಕಿದ್ದರು. ಘಟ್ಟದಲ್ಲಿ ಸೊಪ್ಪು ಹಾಕಿದರೆ ಮುಂದೆ ಗಾಡಿ ಕೆಟ್ಟು ನಿಂತಿದೆ ಎಂದು ಅರ್ಥ. ಇಲ್ಲವೇ ಹೆಣ ಬಿದ್ದಿದೆ ಎಂದು ಅರ್ಥ. ಎರಡಕ್ಕೂ ಒಂದೇ ಸೊಪ್ಪು. ತಿರುವಿನಾಚೆ ಬಸ್ಸೊಂದು ನಿಂತ ಸದ್ದು, ಜನರ ಮಾತು. ಸ್ಕೂಟರು ನಿಲ್ಲಿಸಿದೆ. ಅಲ್ಲೇ ಸ್ವಲ್ಪ ಹೊತ್ತು ಕೂತೆ. ತಿರುವು ದಾಟದಿದ್ದರೆ ಏನೂ ಆಗಿರುವುದಿಲ್ಲ ಎನ್ನುವ ಹಾಗೆ ಕೂತೆ. ನನ್ನ ಇಡೀ ಜನ್ಮದಲ್ಲಿ ಅಂಥ ಹೇಡಿತನ ನಾನು ಮಾಡಿರಲಿಲ್ಲ.

ಆಗ ಒಂದು ಸಣ್ಣ ದನಿ ಕೇಳಿಸಿತು. "ನಂಗೆ ಕ್ರೀಮಿಂದು ಬೇಕು. ಇದು ಬ್ಯಾಡ."

ಹೇಮಾ ಬಿಸ್ಕತ್ತಿಗೆ ಹಟ ಮಾಡುತ್ತಿತ್ತು.

ನಡೆದೆನೋ ಓಡಿದೆನೋ ನೆನಪಿಲ್ಲ. ಕಪ್ಪು ಗಾಡಿ ಬಂಡೆಯ ಬದಿಗೆ ಸ್ಟ್ಯಾಂಡಿನ ಮೇಲೆ ನಿಂತಿತ್ತು, ಕೆಳಗೆ ಎಣ್ಣೆಯ ಹೊಂಡ. ಸೈಲೆನ್ಸರಿನಿಂದ ಇನ್ನೂ ನೀಲಿ ಹೊಗೆ ಏಳುತ್ತಿತ್ತು. ಬಸ್ಸಿನ ಕಂಡಕ್ಟರು ಎಣ್ಣೆಯ ಮೇಲೆ ಮಣ್ಣು ಹಾಕಿಸುತ್ತಿದ್ದ. ನಿತೇಶನ ದಪ್ಪ ಪ್ಯಾಂಟಿನ ಬಲಗಡೆ ಮಂಡಿಯಿಂದ ಕೆಳಗೆ ಎಣ್ಣೆಯ ಕಲೆಯಾಗಿತ್ತು. ರೇಖಾ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಲಿನ ಮೇಲೆ ಕೂತು, ಬಾಟಲಿಯ ನೀರನ್ನು ಅದರ ಬಲಪಾದಕ್ಕೆ ಹನಿಹನಿಯಾಗಿ ಬಿಡುತ್ತಿದ್ದಳು.

"ಎಂತ ಆಯ್ತು ಅದಕ್ಕೆ?"

"ಒಂದ್ ಹನಿ ಸಿಡೀತು ಮಾವ. ಅದು ಕೂಗಿದ ಮೇಲೇ ಇವರು ಗಾಡಿ ನಿಧಾನ ಮಾಡಿದ್ದು" ಎಂದಳು ರೇಖಾ. "ಅಷ್ಟರಲ್ಲಿ ಪಾಂಡಣ್ಣ ಅಡ್ಡ ಬಂದು ನಿಲ್ಸಿದ್ರು. ಇಲ್ದಿದ್ರೆ..."

ಹೇಮಾಳ ಪಾದದ ಮೇಲೆ, ಹೆಬ್ಬೆರಳಿನ ಬುಡದಲ್ಲಿ, ಒಂದು ರೂಪಾಯಿಯಷ್ಟು ಅಗಲದ ಕೆಂಪು ಚುಕ್ಕೆ ಎದ್ದಿತ್ತು.

ಅದನ್ನು ನೋಡಲಾಗದೆ ಗಾಡಿಯ ಕಡೆ ತಿರುಗಿದೆ. ಪಾಂಡು ಗಾಡಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದ. ಎಂಟು ತಿಂಗಳಲ್ಲಿ ಸ್ವಲ್ಪ ಕರಗಿದ್ದ. ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದಿದ್ದ, ಆದರೆ ಸುಮ್ಮನೆ ಕೂತಿದ್ದ. ಕೆಳಗಿನ ಹೋಸು ಪೈಪಿನ ತುದಿಗೆ ಉಗುರಿನಷ್ಟು ಹಿಡಿದುಕೊಂಡಿತ್ತು. ಇನ್ನೊಂದು ತಿರುವು, ಹೆಚ್ಚೆಂದರೆ ಎರಡು.

"ನೀ ಬಿಗಿ ಮಾಡಲಿಲ್ಲ?" ಎಂದೆ.

"ನಿಮ್ಮ ಗ್ಯಾರೇಜಿನ ನಟ್ಟು ಮುಟ್ಟೂಕಾಗ ಅಂದಿದ್ರಿ" ಎಂದ ಪಾಂಡು, ತಲೆಯೆತ್ತದೆ.

ನಾನು ಅವನ ಪಕ್ಕ ಕೂತೆ. ಕೆಳಗಿನ ಕ್ಲಿಪ್ಪಿನ ಮೇಲೆ ಕೆಂಪು ಚುಕ್ಕೆ ಇನ್ನೂ ಇತ್ತು, ಎಣ್ಣೆ ಹತ್ತಿ ಮತ್ತೂ ಹೊಳೆಯುತ್ತಿತ್ತು. ಹೆಬ್ಬೆರಳಿನಿಂದ ಒರೆಸಿದೆ. ಪೂರ್ತಿ ಬೆರಳಿಗೆ ಬಂತು. ಮೇಲಿನ ಕ್ಲಿಪ್ಪಿನ ಚುಕ್ಕೆ ಒರೆಸಿದೆ. ಅದು ಹೋಗಲಿಲ್ಲ. ಕೆಂಪಾದ ಹೆಬ್ಬೆರಳನ್ನು ಅವನ ಮುಂದೆ ಹಿಡಿದೆ.

"ಆಯಿ ಕುಂಕುಮ" ಎಂದೆ.

ಅವನು ಬೆರಳು ನೋಡಿದ, ಮೇಲಿನ ಕ್ಲಿಪ್ ನೋಡಿದ, ಮತ್ತೆ ಬೆರಳು ನೋಡಿದ. ಅರ್ಥವಾಗಲು ಅವನಿಗೆ ನನ್ನಷ್ಟು ಹೊತ್ತು ಬೇಕಾಗಲಿಲ್ಲ.

"ಭಾಸ್ಕರ ಮೇಷ್ಟ್ರ ಗಾಡೀದೂ?"

"ಅದೂ."

ಬೈಯುತ್ತಾನೆ ಎಂದು ಕಾದೆ, ಬೈದಿದ್ದರೆ ಒಳ್ಳೆಯದಿತ್ತು. "ನಾ ಕಣ್ಣಿನ ಡಾಕ್ಟ್ರ ಹತ್ರ ಹೋಗಿದ್ದೆ ಅಣ್ಣ" ಎಂದ ಕೊನೆಗೆ. "ಎರಡು ಸಲ. ಇಲ್ದಿದ್ದ ಚುಕ್ಕೆ ನಂಗೆ ಹೆಂಗೆ ಕಂಡ್ತು ಅಂತ. ಕಣ್ಣು ಸರಿ ಇದ್ದು ಅಂದ್ರು. ಆಮೇಲೆ ತಲೆ ಕೆಟ್ಟಿರ್ಬೇಕು ಅಂದ್ಕಂಡೆ. ಬ್ರೇಕಿನ ಕೆಲಸ ಹಿಡೂಕೇ ಹೆದರಿಕೆ ಆತು. ಅದ್ಕೇ ಪಂಕ್ಚರ್ ಒಂದೇ ಇಟ್ಕಂಡಿದ್ದು."

ಊರಿಗೆಲ್ಲ ಬಾಯಿ ಮಾಡುವ ನನಗೆ, ತಪ್ಪಾಯ್ತು ಎಂಬ ಒಂದೇ ಶಬ್ದ ಹೇಳುವುದು ಕಷ್ಟವಾಯಿತು. ಹೇಳಿದೆ. ಎಷ್ಟು ಮೆಲ್ಲಗೆ ಹೇಳಿದೆನೆಂದರೆ ಅವನಿಗೆ ಕೇಳಿಸಿತೋ ಇಲ್ಲವೋ, ಈಗಲೂ ಸಂಶಯ.

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ನೆಟ್‌ವರ್ಕ್ ಇಲ್ಲದ ಘಟ್ಟದಲ್ಲಿ ಆ ಕಲ್ಲಿನ ಪಕ್ಕ ಒಂದು ಕಡ್ಡಿ ಸಿಕ್ಕಿತ್ತು. ಆಯಿ.

"ಸಿಕ್ಕಿದ್ರಾ?"

"ಸಿಕ್ಕಿದ್ರು ಆಯಿ. ಎಲ್ಲ ಆರಾಮ ಇದ್ದೊ."

ಅವಳು ಮೂಗು ಎಳೆದುಕೊಂಡಿದ್ದು ಕೇಳಿಸಿತು. ಅತ್ತಿದ್ದಾಳೆ. ಆಮೇಲೆ ಕೇಳಿದಳು. "ಕುಂಕುಮ ಇಟ್ಟ ಮೇಲೂ ಹಿಂಗೆ ಎಂತಕ್ಕೆ ಆತು ಮಗಾ? ನನ್ನ ಕೈಯಿಂದ ಎಂತಾದ್ರೂ ತಪ್ಪಾತಾ?"

ಪಾಂಡು ನನ್ನ ಮುಖವನ್ನೇ ನೋಡುತ್ತಿದ್ದ. ಫೋನಿನ ದನಿ ಅವನಿಗೂ ಕೇಳಿಸುತ್ತಿತ್ತು. ಅವನು ಮೆಲ್ಲಗೆ, ಬೇಡ ಎನ್ನುವ ಹಾಗೆ, ತಲೆ ಅಲ್ಲಾಡಿಸಿದ.

"ಇಲ್ಲ ಆಯಿ" ಎಂದೆ. "ನಾನು ಮರ್ತೆ. ನನ್ನದೇ ತಪ್ಪು." ಇನ್ನೂ ಒಂದು ಮಾತು ಉಳಿದಿತ್ತು, ಅದನ್ನೂ ಹೇಳಿದೆ. "ಮತ್ತೆ, ಪಾಂಡು ಅವತ್ತು ಸುಳ್ಳು ಹೇಳಿರ್ಲಿಲ್ಲ."

"ಅವ ಸುಳ್ಳು ಹೇಳುವವ ಅಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು" ಎಂದಳು ಆಯಿ. "ನಿಂಗೆ ಯಾರು ಹೇಳಿದ್ದು?"

ನಾನು ಕೆಂಪು ಹತ್ತಿದ ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡೆ. "ಯಾರೂ ಇಲ್ಲ" ಎಂದೆ.

ಪಾಂಡು ಹೋಸನ್ನು ಒಳಗೆ ತಳ್ಳಿ ಕೆಳಗಿನ ಎರಡೂ ಕ್ಲಿಪ್ ಬಿಗಿ ಮಾಡತೊಡಗಿದ್ದ. ಬಿಗಿ ಮಾಡಿ, ಕೈಯಿಂದ ಎಳೆದು ನೋಡಿದ. ಆಮೇಲೆ ನನ್ನ ಕೈ ಹಿಡಿದು ಹೋಸಿನ ಮೇಲಿಟ್ಟು, "ನೀವೂ ಎಳ್ದು ನೋಡಿ ಅಣ್ಣ" ಎಂದ.

ಎಳೆದು ನೋಡಿದೆ.